14 ತಂಡಗಳಿಗೆ ಆಡಿದ ಬೇಸ್‌ಬಾಲ್ ಪಿಚರ್: ಇದನ್ನು ಸೋಲು ಅನ್ನಬಹುದಾ?

ಮಲ್ಲೇಶ್ವರದ ಮಾಮ:
ನನ್ನ ಅಕ್ಕನ ಮಗ ಬೆಂಗಳೂರಿನ ಲೀಗ್ ಕ್ರಿಕೆಟ್‌ನಲ್ಲಿ ವೇಗದ ಬೌಲರ್. ಮೂರು ವರ್ಷದಲ್ಲಿ ಮೂರನೇ ಕ್ಲಬ್. 'ನಾನು ಎಲ್ಲೂ ನಿಲ್ಲಲ್ಲ ಮಾಮ' ಅಂತ ಕಿಟ್ ಬ್ಯಾಗ್ ಮೂಲೆಗೆ ಹಾಕಿ ಕೂತಿದ್ದಾನೆ. ಬೇಸ್‌ಬಾಲ್‌ನ ಪಿಚರ್ (ನಮ್ಮ ಬೌಲರ್ ತರ ಚೆಂಡು ಎಸೆಯುವವರು) ಎಡ್ವಿನ್ ಜಾಕ್ಸನ್ 14 ತಂಡಗಳಿಗೆ ಆಡಿದರಂತೆ, ನಿಜವಾ?

ಜಯನಗರ ಫ್ಯಾನ್:
ನಿಜ ಸರ್. 2003ರಲ್ಲಿ, 20ನೇ ಹುಟ್ಟುಹಬ್ಬದ ದಿನವೇ ಮೊದಲ ಪಂದ್ಯ ಆಡಿ, ಆ ಕಾಲದ ಖ್ಯಾತ ಪಿಚರ್ ರ್‍ಯಾಂಡಿ ಜಾನ್ಸನ್ ಎದುರು ಗೆದ್ದರು. 2010ರಲ್ಲಿ ಅರಿಜೋನಾ ಪರ ನೋ-ಹಿಟ್ಟರ್ (ಎದುರಾಳಿಗೆ ಒಂದೂ ಹಿಟ್ ಕೊಡದ ಪಂದ್ಯ), ಅದೂ ತಮ್ಮ ಹಳೇ ತಂಡ ಟ್ಯಾಂಪಾ ಬೇ ಮೇಲೆ. 8 ವಾಕ್ (ತಪ್ಪು ಎಸೆತಗಳಿಂದ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್) ಕೊಟ್ಟರು, ಮೈದಾನದಲ್ಲಿ ಮತ್ತೆ ಮತ್ತೆ ರನ್ನರ್‌ಗಳು ನಿಂತಿದ್ದರು, ಆದರೂ 149 ಎಸೆತ ಹಾಕಿ 1-0 ಗೆಲ್ಲಿಸಿದರು. ಮುಂದಿನ ತಿಂಗಳ ಕೊನೆಗೆ ಅದೇ ಅರಿಜೋನಾ ಅವರನ್ನು ಚಿಕಾಗೋಗೆ ಕಳಿಸಿಬಿಟ್ಟಿತು! ನನಗೆ ಈಗಲೂ ಬೇಜಾರಾಗುತ್ತೆ.

ಹನುಮಂತನಗರ:
ಅಲ್ಲಿ ಟ್ರೇಡ್ (ತಂಡಗಳ ನಡುವೆ ಆಟಗಾರರ ಅದಲುಬದಲು) ಮಾಡೋದು ತಂಡ, ಹೆಚ್ಚಿನ ಆಟಗಾರರನ್ನು ಯಾರೂ ಕೇಳೋದೂ ಇಲ್ಲ. ಆದರೆ 14 ಸಲ ಯಾರೋ 'ನಮಗೆ ಬೇಕು' ಅಂದಿದ್ದಾರೆ, ಅಲ್ವಾ? 2011ರಲ್ಲಿ ಸೇಂಟ್ ಲೂಯಿಸ್ ಜೊತೆ ವರ್ಲ್ಡ್ ಸೀರೀಸ್ (ಅಲ್ಲಿನ ಫೈನಲ್) ಕೂಡ ಗೆದ್ದರು. 2025ರಲ್ಲಿ ಇನ್ನೊಬ್ಬ ಪಿಚರ್ ರಿಚ್ ಹಿಲ್ 45ರ ವಯಸ್ಸಲ್ಲಿ ಅದೇ 14ನ್ನು ಮುಟ್ಟಿದರು. ಹುಡುಗನಿಗೆ ಮೂರನೇ ಕ್ಲಬ್ಬಿನವರು ಯಾಕೆ ಕರೆದರು ಅಂತ ಕೇಳಿ ನೋಡಿ.

ಮಲ್ಲೇಶ್ವರದ ಮಾಮ:
ಕೇಳಿದೆ. ಹೊಸ ಚೆಂಡು ಹಾಕೋಕೆ ಕರೆದರಂತೆ. ಭಾನುವಾರ ಮ್ಯಾಚಿದೆ, ನಾನೂ ಹೋಗ್ತಿದ್ದೇನೆ.