ಪದಕದ ಅಂಚಿನಲ್ಲಿ ‘ಐ.ಎಂ.ಡಿ.’ ಎಂದಿದೆ: ಮುತ್ತಜ್ಜ ಯಾವ ಪಡೆಯ ವೈದ್ಯರು?

ಪೆರ್ಲದ ಮರಿಮಗ (ಪ್ರಶ್ನೆ):

ಹಿರಿಯರಿಗೆ ನಮಸ್ಕಾರ. ಕಾಸರಗೋಡಿನ ಪೆರ್ಲದ ಹತ್ತಿರವಿರುವ ನಮ್ಮ ಹಳೆಯ ಮನೆಯ ಮಾಡು ಬಿಚ್ಚುವಾಗ, ಅಟ್ಟದ ಮರದ ಪೆಟ್ಟಿಗೆಯಲ್ಲಿ, ಅಡಿಕೆಯ ಲೆಕ್ಕದ ಪುಸ್ತಕಗಳ ಕೆಳಗೆ ಬೆಳ್ಳಿಯ ಪದಕವೊಂದು ಸಿಕ್ಕಿತು. ಒಂದು ಬದಿಯಲ್ಲಿ ಐದನೆಯ ಜಾರ್ಜ್ ದೊರೆಯ ತಲೆ, ಇನ್ನೊಂದು ಬದಿಯಲ್ಲಿ ಕುದುರೆಯೇರಿದ ಬತ್ತಲೆ ವೀರನೊಬ್ಬ ಮತ್ತು 1914, 1918 ಎಂಬ ಇಸವಿಗಳಿವೆ. ಭೂತಗನ್ನಡಿ ಹಿಡಿದು ಅಂಚನ್ನು ಓದಿದಾಗ ಮುತ್ತಜ್ಜನ ಹೆಸರು, ‘ಸಬ್ ಅಸಿಸ್ಟೆಂಟ್ ಸರ್ಜನ್’ ಎಂಬ ಹುದ್ದೆಯ ಮೊಟಕು ರೂಪ ಹಾಗೂ ಕೊನೆಯಲ್ಲಿ ‘ಐ.ಎಂ.ಡಿ.’ ಎಂಬ ಮೂರು ಅಕ್ಷರಗಳು ಕಂಡವು. ಅವರು ಮೈಸೂರು ಮಹಾರಾಜರ ಕುದುರೆ ಪಡೆಯಲ್ಲಿ ಡಾಕ್ಟರಾಗಿದ್ದರೆಂದು ದೊಡ್ಡಪ್ಪ ಹೇಳುತ್ತಾರೆ. ಅಜ್ಜಿಯಾದರೋ ‘ಬಸ್ರಾಕ್ಕೆ ಹೋಗಿ ಬಂದವರು’ ಎಂದಷ್ಟೇ ಹೇಳುತ್ತಿದ್ದರು. ಐ.ಎಂ.ಎಸ್. ಎಂದರೆ ಇಂಡಿಯನ್ ಮೆಡಿಕಲ್ ಸರ್ವಿಸ್ ಎಂದು ಕೇಳಿ ಬಲ್ಲೆ. ಕೊನೆಯ ಅಕ್ಷರ ಕೆತ್ತಿದವರ ತಪ್ಪೇ, ಅಥವಾ ಅದು ಬೇರೆಯೇ ಇಲಾಖೆಯೇ?

ಮಂಜೇಶ್ವರದ ಮಾಷ್ಟ್ರು:

ಕೆತ್ತಿದವರ ತಪ್ಪಲ್ಲ. ಐ.ಎಂ.ಡಿ. ಎಂದರೆ ಇಂಡಿಯನ್ ಮೆಡಿಕಲ್ ಡಿಪಾರ್ಟ್‌ಮೆಂಟ್, ಐ.ಎಂ.ಎಸ್.ಗಿಂತ ಒಂದು ಮೆಟ್ಟಿಲು ಕೆಳಗಿದ್ದ, ಆದರೆ ಆಸ್ಪತ್ರೆಗಳ ದಿನನಿತ್ಯದ ಕೆಲಸವನ್ನು ನಿಜವಾಗಿ ಹೊತ್ತಿದ್ದ ಇಲಾಖೆ. ಐ.ಎಂ.ಎಸ್.ಗೆ ಲಂಡನ್ನಿನಲ್ಲಿ ಪರೀಕ್ಷೆ ಬರೆಯಬೇಕಿತ್ತು. 1855ರಲ್ಲಿ ಸೂರ್ಯಕುಮಾರ ಚಕ್ರವರ್ತಿ ಎಂಬ ಬಂಗಾಳಿ ಅದರಲ್ಲಿ ಉತ್ತೀರ್ಣರಾದರೂ, ಮುಂದೆ ಬಹುಕಾಲ ಅಲ್ಲಿ ಬಿಳಿಯರದೇ ಮೇಲುಗೈಯಾಗಿತ್ತು. ಕೆಳಗಿನ ಐ.ಎಂ.ಡಿ.ಯಲ್ಲಿಯೂ ಎರಡು ಕವಲುಗಳಿದ್ದವು. ಗೋರಾ ಸಿಪಾಯಿಗಳ ಆಸ್ಪತ್ರೆಗಳಲ್ಲಿ ‘ಅಸಿಸ್ಟೆಂಟ್ ಸರ್ಜನ್’ ಎನಿಸಿಕೊಂಡವರು ಬಹುಮಟ್ಟಿಗೆ ಆಂಗ್ಲೋ ಇಂಡಿಯನ್ನರು. ದೇಶೀಯ ಪಡೆಗಳ ಪಾಲಿಗೆ ಇದ್ದವರು ನಿಮ್ಮ ಮುತ್ತಜ್ಜನಂತಹ ‘ಸಬ್ ಅಸಿಸ್ಟೆಂಟ್ ಸರ್ಜನ್’ಗಳು, ಸೇನೆಯ ದರ್ಜೆಯಲ್ಲಿ ಜಮೇದಾರ ಇಲ್ಲವೇ ಸುಬೇದಾರರು. ‘ಸಬ್’ ಎಂಬ ಒಂದು ಶಬ್ದದಲ್ಲಿ ಸಂಬಳ, ಊಟದ ಮೇಜು, ಬಡ್ತಿ ಎಲ್ಲವೂ ಅಡಗಿತ್ತು ಎಂದರೆ ಅತಿಶಯೋಕ್ತಿಯಾಗಲಾರದು.

ನಮ್ಮ ಸೀಮೆಗೆ ಇದರ ಬೇರು ಮದ್ರಾಸಿನಲ್ಲಿದೆ. 1835ರಲ್ಲಿ ಅಲ್ಲಿ ಆರಂಭವಾದ ವೈದ್ಯಕೀಯ ಶಾಲೆಯ ಮುಖ್ಯ ಉದ್ದೇಶವೇ ಕಂಪೆನಿಯ ಸೇನೆಗೆ ಮದ್ದು ಬೆರೆಸಿ ಕೊಡುವ ಅಪೋತಿಕರಿಗಳನ್ನೂ ಡ್ರೆಸ್ಸರುಗಳನ್ನೂ ತಯಾರಿಸುವುದಾಗಿತ್ತು. 1850ರಲ್ಲಿ ಅದು ಕಾಲೇಜಾಯಿತು. ನಮ್ಮೂರ ಹಿರಿಯರು ಗಾಯಕ್ಕೆ ಪಟ್ಟಿ ಕಟ್ಟುವವರನ್ನು ‘ಡ್ರೆಸ್ಸರ್’ ಎನ್ನುತ್ತಿದ್ದುದು ಆ ಕಾಲದ ಹುದ್ದೆಯ ಹೆಸರೇ.

ದೊಡ್ಡಪ್ಪನವರ ಮಾತನ್ನು ಒಪ್ಪುವುದು ನನಗೆ ಕಷ್ಟ. ಅವರು ಹೇಳುವ ಕುದುರೆ ಪಡೆ, ಮೈಸೂರು ಲ್ಯಾನ್ಸರ್ಸ್, ಸಂಸ್ಥಾನದ ಸ್ವಂತ ಪಡೆ. ಅದು ಸೂಯೆಜ್ ಕಾಲುವೆಯಲ್ಲಿಯೂ ಪ್ಯಾಲೆಸ್ಟೈನಿನಲ್ಲಿಯೂ ಹೋರಾಡಿತು, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿಯುವುದರಲ್ಲಿ ಪಾಲ್ಗೊಂಡಿತು. ಬಸ್ರಾ ಇರುವುದು ಮೆಸಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕಿನಲ್ಲಿ. ಐ.ಎಂ.ಡಿ. ಎಂಬುದು ಬ್ರಿಟಿಷ್ ಸರಕಾರದ ಇಲಾಖೆಯೇ ಹೊರತು ಮಹಾರಾಜರದಲ್ಲ. ಅಂಚಿನ ಅಕ್ಷರಗಳು ಅಜ್ಜಿಯ ಪರವಾಗಿವೆ.

ಸೇನೆಯಿಂದ ನಿವೃತ್ತ, ಬದಿಯಡ್ಕ:

ಮಾಷ್ಟ್ರು ಹೇಳಿದ್ದು ಸರಿ. ಬಸ್ರಾದ ಹೆಸರು ಬಂದುದರಿಂದ ನಾಲ್ಕು ಮಾತು ಸೇರಿಸುತ್ತೇನೆ. ಇಡೀ ಮೊದಲ ಮಹಾಯುದ್ಧದಲ್ಲಿ ಭಾರತೀಯ ಸೇನೆಯ ವೈದ್ಯಕೀಯ ವ್ಯವಸ್ಥೆ ಅತ್ಯಂತ ಹೀನಾಯವಾಗಿ ಕುಸಿದದ್ದು ಅಲ್ಲಿಯೇ. 1915ರ ನವೆಂಬರಿನಲ್ಲಿ ಟೆಸಿಫಾನ್ ಎಂಬಲ್ಲಿ ನಡೆದ ಕಾಳಗದ ಗಾಯಾಳುಗಳನ್ನು, ಸಾಮಾನು ಸಾಗಿಸುವ, ಸ್ಪ್ರಿಂಗ್ ಇಲ್ಲದ ಹೇಸರಗತ್ತೆ ಗಾಡಿಗಳಲ್ಲಿ ನದಿಯವರೆಗೆ ತಂದು, ಅಲ್ಲಿಂದ ದೋಣಿಗಳಲ್ಲಿ ಒತ್ತೊತ್ತಾಗಿ ತುಂಬಿ ಬಸ್ರಾಕ್ಕೆ ಕಳುಹಿಸಿದರು. ತೊಡೆಯೆಲುಬು ಮುರಿದವನು ಅಂತಹ ಗಾಡಿಯಲ್ಲಿ ಮೈಲಿಗಟ್ಟಲೆ ಸಾಗುವುದೆಂದರೇನು ಎಂಬುದನ್ನು ನಮ್ಮ ಹಳೆಯ ಘಾಟಿ ರಸ್ತೆಗಳಲ್ಲಿ ಎತ್ತಿನ ಗಾಡಿ ಹತ್ತಿದವರು ಊಹಿಸಬಲ್ಲರು. ‘ಮೆಜಿದಿಯೆ’ ಎಂಬ ಹಡಗು ದಡ ಸೇರಿದಾಗ ಅದರ ಬದಿಗಳಲ್ಲಿ ಹಗ್ಗಗಳು ಇಳಿಬಿದ್ದಂತೆ ಕಂಡಿತಂತೆ. ಹತ್ತಿರ ಬಂದ ಮೇಲೆ ನೋಡಿದರೆ ಅದು ಅಲುಗಾಡಲಾರದ ರೋಗಿಗಳ ಒಣಗಿದ ಮಲ. ಹೀಗೆಂದು ಹೇಳಿಕೆ ಕೊಟ್ಟವರು ಮೇಜರ್ ಕಾರ್ಟರ್ ಎಂಬ ಐ.ಎಂ.ಎಸ್. ಅಧಿಕಾರಿ. ಅವರನ್ನು ಮೇಲಧಿಕಾರಿಗಳು ಮೊದಲು ಗದರಿಸಿಯೇ ಕಳುಹಿಸಿದರು. 1917ರಲ್ಲಿ ವಿಚಾರಣಾ ಆಯೋಗದ ವರದಿ ಹೊರಬಿದ್ದಾಗ ಬ್ರಿಟಿಷ್ ಸಂಪುಟದಲ್ಲಿ ಭಾರತದ ಹೊಣೆ ಹೊತ್ತಿದ್ದ ‘ಭಾರತ ಮಂತ್ರಿ’ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಟ್ಟರು.

ಆಗ ದೇಶೀಯ ಪಡೆಗಳಲ್ಲಿ ಪ್ರತಿ ಪಲ್ಟನ್ನಿಗೂ ಅದರದೇ ಆಸ್ಪತ್ರೆ ಇರುತ್ತಿತ್ತು. ಒಂದು ಠಾಣ್ಯದ ಎಲ್ಲ ಪಲ್ಟನ್ನುಗಳಿಗೂ ಸೇರಿದ ಸ್ಟೇಷನ್ ಆಸ್ಪತ್ರೆಗಳು ಮಂಜೂರಾದದ್ದು 1918ರಲ್ಲಿ. ವಾರ್ಡಿನ ಆಳುಗಳನ್ನೂ ಡೋಲಿ ಹೊರುವವರನ್ನೂ ಕೂಡಿಸಿ ಇಂಡಿಯನ್ ಹಾಸ್ಪಿಟಲ್ ಕೋರ್ ಕಟ್ಟಿದ್ದು 1920ರಲ್ಲಿ. ಐ.ಎಂ.ಎಸ್., ಐ.ಎಂ.ಡಿ. ಮತ್ತು ಈ ಕೋರ್ ಮೂರೂ ಒಂದಾಗಿ ಇಂದಿನ ಆರ್ಮಿ ಮೆಡಿಕಲ್ ಕೋರ್ ಹುಟ್ಟಿದ್ದು 1943ರ ಏಪ್ರಿಲ್ 3ರಂದು. ನಾವು ಪ್ರತಿ ವರ್ಷ ಆ ದಿನವನ್ನು ಆಚರಿಸುತ್ತಿದ್ದೆವು, ಆದರೆ ‘ಸಬ್’ಗಳ ಹೆಸರನ್ನು ಯಾರೂ ಎತ್ತಿದ್ದು ನನಗೆ ನೆನಪಿಲ್ಲ.

ಒಂದು ವಿನಂತಿ: ಹುಣಸೆಹುಳಿ, ವಿಭೂತಿ ಹಾಕಿ ಪದಕವನ್ನು ಉಜ್ಜಬೇಡಿ. ಅಂಚಿನ ಅಕ್ಷರ ಸವೆದರೆ ದಾಖಲೆಯೇ ಹೋದಂತೆ.

ಮಂಜೇಶ್ವರದ ಮಾಷ್ಟ್ರು:

ಹುಡುಕಾಟದ ಬಗ್ಗೆ ಒಂದು ಮಾತು. ಕಾಸರಗೋಡು 1956ರ ನವೆಂಬರ್ 1ರವರೆಗೆ ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆದುದರಿಂದ ತಿರುವನಂತಪುರಕ್ಕೆ ಅಲೆಯಬೇಡಿ. ಯುದ್ಧದ ಬಳಿಕ ಅವರು ಸಿವಿಲ್ ಆಸ್ಪತ್ರೆಗೆ ಬಂದಿದ್ದರೆ ಚೆನ್ನೈಯ ಎಗ್ಮೋರಿನ ಪತ್ರಾಗಾರದಲ್ಲಿ ಹುಡುಕಿ. ಸೇನೆಯ ಸೇವೆಗಾದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸಿನ ಕಾಗದಪತ್ರಗಳಿಗೆ ಮೊರೆಹೋಗಬೇಕು.

ಪೆರ್ಲದ ಮರಿಮಗ:

ಇಬ್ಬರಿಗೂ ಕೃತಜ್ಞ. ಪದಕವನ್ನು ಉಜ್ಜಿಲ್ಲ. ನಿಮ್ಮ ಉತ್ತರಗಳನ್ನು ಓದಿದ ಮೇಲೆ ಪೆಟ್ಟಿಗೆಯನ್ನು ಮತ್ತೊಮ್ಮೆ ತೆಗೆದೆ. ಅದರ ತಳದಲ್ಲಿದ್ದ ಪುಟ್ಟ ಹಿತ್ತಾಳೆ ತಕ್ಕಡಿಯನ್ನು ಚಿನ್ನ ತೂಗುವುದೆಂದು ಮನೆಯವರೆಲ್ಲ ನಂಬಿದ್ದೆವು. ಅದರ ತೂಕದ ಬಟ್ಟುಗಳ ಮೇಲೆ ‘ಗ್ರೇನ್’ ಎಂದು, ಅಂದರೆ ಮದ್ದು ತೂಗುತ್ತಿದ್ದ ಹಳೆಯ ಚಿಕ್ಕ ಅಳತೆಯ ಹೆಸರನ್ನು, ಕೊರೆದಿದೆ. ಬಹುಶಃ ಕ್ವಿನೈನ್ ತೂಗಿದ್ದಿರಬೇಕು. ದೊಡ್ಡಪ್ಪನಿಗೆ ಇನ್ನೂ ಹೇಳಿಲ್ಲ.