ಅಪ್‌ಡೇಟ್: ಅಮ್ಮನ ಮೆಲನೋಮಾ, ಟ್ರಯಲ್‌ಗೆ ಸೇರಿಸೋದಾ?

ಅಮ್ಮನ ಅಂಗಾಲಿನ ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ಶ್ವಾಸಕೋಶಕ್ಕೆ ಹರಡಿದೆ, ಕ್ಲಿನಿಕಲ್ ಟ್ರಯಲ್‌ಗೆ (ಹೊಸ ಚಿಕಿತ್ಸೆಯನ್ನು ರೋಗಿಗಳಲ್ಲಿ ಪರೀಕ್ಷಿಸುವ ಅಧ್ಯಯನ) ಸೇರಿಸಿದರೆ ಔಷಧಿಯೇ ಇಲ್ಲದ ಮಾತ್ರೆ ಕೊಟ್ಟುಬಿಡುತ್ತಾರಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಡಾಕ್ಟರ್ ಹತ್ತಿರ ಕೂತು ಮಾತಾಡಿದೆವು. ಹರಡಿದ ಕ್ಯಾನ್ಸರ್‌ಗೆ ಒಳ್ಳೆಯ ಔಷಧಿ ಇರುವಾಗ, ಸಾಮಾನ್ಯವಾಗಿ ಹೊಸದನ್ನು ಅದರ ಜೊತೆಗೇ ಹೋಲಿಸುತ್ತಾರಂತೆ. 2015ರಲ್ಲಿ ಪ್ರಕಟವಾದ ಕೀನೋಟ್-006 ಅನ್ನೋ ಮೆಲನೋಮಾ ಟ್ರಯಲ್‌ನಲ್ಲಿ ಪೆಂಬ್ರೊಲಿಜುಮ್ಯಾಬ್ ಅನ್ನೋ ಹೊಸ ಔಷಧಿಯನ್ನು ಹೋಲಿಸಿದ್ದು ಆಗಲೇ ಬಳಕೆಯಲ್ಲಿದ್ದ ಇಪಿಲಿಮುಮ್ಯಾಬ್ ಜೊತೆ. ಯಾರನ್ನೂ ಔಷಧಿ ಇಲ್ಲದೆ ಬಿಟ್ಟಿರಲಿಲ್ಲ. ಇದನ್ನು ಕೇಳಿ ನಮಗೆ ಎಷ್ಟು ಸಮಾಧಾನ ಆಯಿತು ಅಂದರೆ, ಹೇಳಕ್ಕಾಗಲ್ಲ.

ಆದರೂ ಇನ್ನೂ ಸೇರಿಸಿಲ್ಲ. ಗಡ್ಡೆಯ ಜೀನ್ ಟೆಸ್ಟ್ ಬರಬೇಕು. ಬಿಆರ್‌ಎಎಫ್ ಅನ್ನೋ ಜೀನ್‌ನಲ್ಲಿ ಬದಲಾವಣೆ ಇದ್ದರೆ ಅದಕ್ಕೆಂದೇ ಮಾತ್ರೆಗಳಿವೆ, ಆದರೆ ಅಂಗಾಲಿನ ಬಗೆಯಲ್ಲಿ ಆ ಬದಲಾವಣೆ ಕಡಿಮೆ. ಭಾರತದ ಟ್ರಯಲ್‌ಗಳನ್ನು ಸಿಟಿಆರ್‌ಐನಲ್ಲಿ (ಟ್ರಯಲ್‌ಗಳನ್ನು ನೋಂದಾಯಿಸುವ ಸರ್ಕಾರಿ ವೆಬ್‌ಸೈಟ್) ಯಾರು ಬೇಕಾದರೂ ಹುಡುಕಬಹುದು, ಈಗ ದಿನಾ ಅದನ್ನೇ ನೋಡುತ್ತಿದ್ದೇನೆ. ಸಹಿ ಹಾಕಿದ ಮೇಲೂ ಬೇಡ ಅನಿಸಿದರೆ ಹೊರಗೆ ಬರಬಹುದು, ಇದು ದೊಡ್ಡ ಧೈರ್ಯ ಅಲ್ವಾ? ರಿಪೋರ್ಟ್ ಬಂದ ತಕ್ಷಣ ಬರೆಯುತ್ತೇನೆ.