ಕಾಳಗಕ್ಕೆ ಮುಂಚಿನ ಮಾತು: ಸೈನಿಕನ ಎದೆಗೆ ನಾಟುವುದು ಯಾವುದು?

ಪ್ರಶ್ನೆ

ದೊಡ್ಡ ಕಾಳಗಕ್ಕೆ ಮುಂಚೆ ಸೇನಾಪತಿ ಇಡೀ ಸೈನ್ಯದ ಎದುರು ನಿಂತು ಉದ್ದನೆಯ ಭಾಷಣ ಮಾಡಿದ ಅಂತ ಓದುತ್ತೇವೆ. ಮೈಕ್ ಇಲ್ಲದ ಕಾಲದಲ್ಲಿ ಅದು ಹಿಂದಿನ ಸಾಲಿಗೆ ಕೇಳಿಸುತ್ತಿತ್ತೇ? ಕೇಳಿಸಿದರೂ ಎಂಥ ಮಾತಿನಿಂದ ಉಪಯೋಗ, ಯಾವುದು ಕೈಕೊಡುತ್ತದೆ? ತಿಳಿದವರು ಉದಾಹರಣೆ ಸಮೇತ ಹೇಳಿ.

ಉತ್ತರ 1

ಎಲ್ಲರಿಗೂ ಒಟ್ಟಿಗೆ ಕೇಳಿಸುವುದು ಸಾಧ್ಯವೇ ಇರಲಿಲ್ಲ. ದಳಪತಿ ಸಾಲಿನುದ್ದಕ್ಕೂ ಹೋಗುತ್ತ ತುಕಡಿ ತುಕಡಿಗೆ ನಾಲ್ಕು ಮಾತು ಹೇಳಬೇಕಿತ್ತು. ಕ್ರಿ.ಪೂ. 57ರಲ್ಲಿ ಗಾಲ್ ನಾಡಿನ (ಇಂದಿನ ಫ್ರಾನ್ಸ್ ಕಡೆಯ) ಸಾಬಿಸ್ ನದಿಯ ಬಳಿ ಶಿಬಿರ ಕಟ್ಟುತ್ತಿದ್ದ ರೋಮನ್ನರ ಮೇಲೆ ಶತ್ರು ಏಕಾಏಕಿ ಎರಗಿದಾಗ ಶಿರಸ್ತ್ರಾಣ ಹಾಕಿಕೊಳ್ಳುವುದಕ್ಕೂ ಗುರಾಣಿಯ ಹೊದಿಕೆ ತೆಗೆಯುವುದಕ್ಕೂ ಪುರುಸೊತ್ತಿರಲಿಲ್ಲ. ಅವರ ಸೇನಾಪತಿ ಸೀಸರ್ ಹತ್ತನೇ ಲೀಜನ್ (ಕೆಲವು ಸಾವಿರ ಸೈನಿಕರ ದಳ) ಹತ್ತಿರ ಓಡಿ ಹೇಳಿದ್ದು ಇಷ್ಟೇ: ನಿಮ್ಮ ಹಳೆಯ ಪರಾಕ್ರಮ ಮರೆಯಬೇಡಿ, ಕಂಗೆಡಬೇಡಿ, ಏಟನ್ನು ಗಟ್ಟಿಯಾಗಿ ತಡೆದುಕೊಳ್ಳಿ. ಇನ್ನೊಂದು ಬದಿಗೆ ಹೋಗುವಷ್ಟರಲ್ಲಿ ಅಲ್ಲಿ ಹೊಡೆದಾಟ ಶುರುವಾಗಿಬಿಟ್ಟಿತ್ತು. ನಾವು ಓದುವ ಉದ್ದುದ್ದ ಭಾಷಣಗಳಲ್ಲಿ ಎಷ್ಟೋ ಇತಿಹಾಸಕಾರರು ತಾವೇ ಹೆಣೆದದ್ದು. ಭಾಷಣಗಳನ್ನು ಅಕ್ಷರಶಃ ಕೊಟ್ಟಿಲ್ಲ ಎಂದು ಪ್ರಾಚೀನ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಬಾಯಿಬಿಟ್ಟೇ ಹೇಳಿದ್ದಾನೆ.

ಉತ್ತರ 2

ಸಮುದ್ರದ ಮೇಲಂತೂ ಬಾವುಟವೇ ಬಾಯಿ. 1805ರ ಅಕ್ಟೋಬರ್ 21, ಸ್ಪೇನ್ ಕರಾವಳಿಯ ಟ್ರಫಾಲ್ಗರ್ ಬಳಿ ಫ್ರಾನ್ಸ್-ಸ್ಪೇನ್ ನೌಕಾಪಡೆಯೊಂದಿಗೆ ಬ್ರಿಟಿಷರ ಕಾಳಗ. ಪ್ರತಿಯೊಬ್ಬನೂ ತನ್ನ ಕರ್ತವ್ಯ ಮಾಡುತ್ತಾನೆಂದು ಇಂಗ್ಲೆಂಡ್ 'ನಂಬಿದೆ' ಎಂದು ಸಾರಬೇಕೆಂಬುದು ಬ್ರಿಟಿಷ್ ನೌಕಾಪತಿ ನೆಲ್ಸನ್ ಇಚ್ಛೆ. ಆ ಪದ, ಯಾವ ಪದಕ್ಕೆ ಯಾವ ಬಾವುಟಗಳೆಂದು ಹೇಳುವ ಸಂಕೇತ ಪುಸ್ತಕದಲ್ಲಿರಲಿಲ್ಲ, ಅಕ್ಷರ ಅಕ್ಷರವಾಗಿ ಏರಿಸಬೇಕಿತ್ತು. ಸಂಕೇತಾಧಿಕಾರಿ ಪಾಸ್ಕೋ 'ನಿರೀಕ್ಷಿಸುತ್ತದೆ' ಎಂದು ಬದಲಿಸಲು ಕೇಳಿದ, ನೆಲ್ಸನ್ ಒಪ್ಪಿದ. ಆದರೂ 'ಕರ್ತವ್ಯ' ಪದದ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಬಿಡಿಯಾಗಿಯೇ ಏರಿಸಬೇಕಾಯಿತು. ಒಟ್ಟು 12 ಸಲ ಏರಿಸಿ ಇಳಿಸಿದ್ದು, 31 ಬಾವುಟ.

ಆದರೆ ಗೆಲುವಿಗೆ ಆ ಒಂದು ವಾಕ್ಯವೇ ಕಾರಣ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಕ್ಟೋಬರ್ 9ರ ಟಿಪ್ಪಣಿಯಲ್ಲೇ ನೆಲ್ಸನ್ ಯೋಜನೆ ಬರೆದು ಕ್ಯಾಪ್ಟನ್‌ಗಳಿಗೆ ತಿಳಿಸಿದ್ದ: ಸಂಕೇತ ಕಾಣದಿದ್ದರೆ ನಿಮ್ಮ ಹಡಗನ್ನು ಶತ್ರು ಹಡಗಿನ ಪಕ್ಕಕ್ಕೆ ತಂದು ನಿಲ್ಲಿಸಿ, ದೊಡ್ಡ ತಪ್ಪೇನೂ ಆಗದು. ಹೊಗೆ ಕವಿದ ಮೇಲೆ ಕೈಹಿಡಿದದ್ದು ಈ ಮಾತು.

ಪ್ರಶ್ನೆ ಕೇಳಿದವರು

ಧನ್ಯವಾದ. ಎದುರಿಗಿರುವ ಕಷ್ಟವನ್ನು ಇದ್ದದ್ದು ಇದ್ದ ಹಾಗೆ ಹೇಳಿದರೆ ಸೈನಿಕರು ಅಧೀರರಾಗುವುದಿಲ್ಲವೇ?

ಉತ್ತರ 3

ಮುಚ್ಚಿಟ್ಟರೇ ಅಧೀರರಾಗುತ್ತಾರೆ. 1942ರ ಅಕ್ಟೋಬರ್‌ನಲ್ಲಿ ಈಜಿಪ್ಟಿನ ಎಲ್ ಅಲಮೀನ್ ಕಾಳಗಕ್ಕೆ ಮುಂಚೆ ಬ್ರಿಟಿಷ್ ಸೇನಾಪತಿ ಮಾಂಟ್ಗೊಮರಿ ತನ್ನ ಅಧಿಕಾರಿಗಳಿಗೆ ಯೋಜನೆ ಬಿಡಿಸಿ ಹೇಳುತ್ತ, ಇದು ಸುಮಾರು 12 ದಿನದ ಕಾದಾಟ ಎಂದು ಮೊದಲೇ ತಿಳಿಸಿದ್ದ. 23ರ ರಾತ್ರಿ ಶುರುವಾದದ್ದು ನವೆಂಬರ್ 4ಕ್ಕೆ ಒಂದು ದಡ ಸೇರಿತು. ಐದನೇ ದಿನ ಮುನ್ನಡೆ ನಿಂತಾಗ 'ಕೆಲಸ ಕೆಟ್ಟಿತು' ಅನ್ನಿಸದಂತೆ ಕಾಯುವುದು ಇಂಥ ಲೆಕ್ಕ. 1944ರ ಜೂನ್ 6ರ ನಾರ್ಮಂಡಿ ದಾಳಿಗೆಂದು ಮಿತ್ರಪಡೆಗಳ ಸೇನಾಪತಿ ಐಸೆನ್‌ಹೋವರ್ ಹಂಚಿಸಿದ ಒಂದು ಪುಟದ ಸಂದೇಶದಲ್ಲೂ ನಿಮ್ಮ ಕೆಲಸ ಸುಲಭವಲ್ಲ, ಶತ್ರು ಪಳಗಿದವನು ಎಂದೇ ಇದೆ.

ಕಂಪನಿ, ಪ್ಲಟೂನ್‌ನಂಥ ಸಣ್ಣ ತುಕಡಿಗಳ ಮಟ್ಟದಲ್ಲಿ ಮೊದಲು ಆದೇಶ, ಆಮೇಲೆ ಹುರುಪಿನ ಮಾತು. ಆದೇಶದಲ್ಲಿ ಐದು ಭಾಗ: ಪರಿಸ್ಥಿತಿ, ಗುರಿ, ಮಾಡುವ ಬಗೆ, ಸರಬರಾಜು ಮತ್ತು ಗಾಯಾಳುಗಳ ಸಾಗಣೆ, ಅಧಿಕಾರ ಮತ್ತು ಸಂಪರ್ಕ. ಇರುವ ಸಮಯದಲ್ಲಿ ಮೂರನೇ ಒಂದು ಪಾಲು ಮಾತ್ರ ಮೇಲಧಿಕಾರಿಯದು, ಉಳಿದ ಎರಡು ಪಾಲು ಕೆಳಗಿನವರ ತಯಾರಿಗೆ. ಭಾಷಣ ಲಂಬಿಸಿದಷ್ಟೂ ಅವರ ನಿದ್ದೆ, ಮದ್ದುಗುಂಡಿನ ಎಣಿಕೆ, ರೇಡಿಯೊ ತಪಾಸಣೆ ಮೊಟಕಾಗುತ್ತದೆ. ಕೊನೆಗೆ ಇಬ್ಬರು ಮೂವರಿಂದ ಗುರಿಯನ್ನು ತಿರುಗಿ ಹೇಳಿಸಬೇಕು. ತಡವರಿಸಿದರೆ ಮತ್ತೆ ಗುರಿಯಿಂದಲೇ ಶುರು ಮಾಡಿ, ಹುರಿದುಂಬಿಸುವುದು ಆಮೇಲೆ. ಅದಕ್ಕೆ ಎರಡು ಮೂರು ವಾಕ್ಯ ಧಾರಾಳ. 'ಬಿದ್ದವನನ್ನು ಯಾರು, ಯಾವ ದಾರಿಯಲ್ಲಿ ಹೊತ್ತು ತರುತ್ತಾರೆ' ಎಂಬುದು ಗೊತ್ತಿರುವವನ ಕಾಲು ಮುಂದೆ ಹೋಗುತ್ತದೆ; ಇದನ್ನು ದಯವಿಟ್ಟು ಕಡೆಗಣಿಸಬೇಡಿ.

ಉತ್ತರ 4

ಕೈಕೊಟ್ಟದ್ದಕ್ಕೆ ಉದಾಹರಣೆ ಸಿಸಿಲಿ ದ್ವೀಪದ ಸಿರಕ್ಯೂಸ್ ಬಂದರಿನ ಕಾಳಗ, ಕ್ರಿ.ಪೂ. 413. ಅಥೆನ್ಸಿನ ಸೇನಾಪತಿ ನಿಕಿಯಾಸ್ ಮಾತು ಮುಗಿಸಿದ ಮೇಲೂ ಸಮಾಧಾನವಾಗದೆ, ಹಡಗಿನ ನಾಯಕರನ್ನು ಒಬ್ಬೊಬ್ಬರಾಗಿ ಅವರ ಹೆಸರು, ಅಪ್ಪನ ಹೆಸರು ಹಿಡಿದು ಕರೆದು, ಹೆಂಡತಿ ಮಕ್ಕಳನ್ನೂ ಕುಲದೇವರನ್ನೂ ನೆನಪಿಸಿ ಬೇಡಿಕೊಂಡ. ಮಾತಿನಲ್ಲಿ ಕೊರತೆ ಇರಲಿಲ್ಲ. ಆದರೆ ಬಂದರಿನ ಇಕ್ಕಟ್ಟಿನಲ್ಲಿ ಎರಡೂ ಕಡೆಯವು ಸೇರಿ ಹತ್ತಿರ ಹತ್ತಿರ 200 ಹಡಗು. ಹಿಂದೆ ಸರಿದು ವೇಗವಾಗಿ ಬಂದು ಗುದ್ದುವುದೇ ಅಥೆನ್ಸಿನವರ ಜಾಣ್ಮೆ, ಅದಕ್ಕೆ ಜಾಗವೇ ಇಲ್ಲ. ಸೋತರು. ಮತ್ತೊಂದು ಸಲ ಹಡಗು ಹತ್ತಿ ಎಂದರೆ ನಾವಿಕರು ಹತ್ತಲೇ ಇಲ್ಲ.